ಕ್ಯಾಮೆರಾ ಬಿಟ್ಟು ಬೆಳ್ಳಿ ಹಿಡಿದೆ: ನನ್ನ ಇಒಜಿ ಕನ್ನಡಕ

ಇಒಜಿಯಿಂದ, ಅಂದರೆ ಕಣ್ಣು ಹೊರಳಿದಾಗ ಸುತ್ತಲ ಚರ್ಮದ ಮೇಲೆ ಸಿಗುವ ಪುಟ್ಟ ವಿದ್ಯುತ್ ಸಿಗ್ನಲ್‌ನಿಂದ, ಕಂಪ್ಯೂಟರ್ ನಡೆಸಲಾಗದು, ಅದರ ತಳಮಟ್ಟ (ಬೇಸ್‌ಲೈನ್) ಒಂದು ಕಡೆ ನಿಲ್ಲುವುದೇ ಇಲ್ಲ ಎಂದು ಗೆಳೆಯರೆಲ್ಲ ತಲೆಯಾಡಿಸಿದ್ದರು. ಈಗ ಅದರಿಂದಲೇ ಉದ್ದುದ್ದ ಪಿಡಿಎಫ್‌ಗಳನ್ನು ಕೈ ಮುಟ್ಟಿಸದೆ ಓದುತ್ತಿದ್ದೇನೆ.

ಮೊದಲು ಹಿಡಿದದ್ದು ಕ್ಯಾಮೆರಾ ದಾರಿ. ವೆಬ್‌ಕ್ಯಾಮ್‌ನ ಇನ್‌ಫ್ರಾರೆಡ್ ಫಿಲ್ಟರ್ ಕಿತ್ತು, 850 ನ್ಯಾನೊಮೀಟರ್ ಎಲ್‌ಇಡಿ ಹಾಕಿ, ಚಿತ್ರ ವಿಶ್ಲೇಷಿಸುವ ಓಪನ್‌ಸಿವಿ ಸಾಫ್ಟ್‌ವೇರ್‌ನಲ್ಲಿ ಪಾಪೆ ಹುಡುಕಿಸಿದೆ. ಕನ್ನಡಕ ಮೂಗಿನ ಮೇಲೆ ಒಂದೆರಡು ಮಿಲಿಮೀಟರ್ ಜಾರಿದರೆ ಕ್ಯಾಲಿಬ್ರೇಶನ್ ನೀರುಪಾಲು. ಕಿಟಕಿಯ ಬಿಸಿಲು ಬಿದ್ದರೆ ಪಾಪೆಯೇ ಸಿಗದು. ಎಂಟೊಂಬತ್ತು ಸಾವಿರ ರೂಪಾಯಿ ಅಲ್ಲೇ ಕರಗಿತು.

ಆಮೇಲೆ ಇಒಜಿಗೆ ತಿರುಗಿದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಿಂದ ತಂದ ಎಡಿ8232 ಬೋರ್ಡ್ ಇಸಿಜಿಗೆಂದೇ ಇರುವಂಥದ್ದು, 0.5 ಹರ್ಟ್ಸ್‌ಗಿಂತ ಕೆಳಗಿನ ನಿಧಾನದ ಬದಲಾವಣೆಗಳನ್ನು ಸೋಸಿಬಿಡುತ್ತದೆ. ನೋಟ ಎಲ್ಲಿ ನಿಂತಿದೆ ಎಂದು ಅದು ಹೇಳದು, ನಿಜ. ಆದರೆ ನೋಟ ಜಿಗಿದ ಕ್ಷಣ ಚೂಪಾದ ಏರಿಳಿತ ಕೊಡುತ್ತದೆ, ಬೇಸ್‌ಲೈನ್ ಅಲೆದಾಟವೂ ತಗ್ಗುತ್ತದೆ. ಹಾಗಾಗಿ ಕರ್ಸರ್ ಆಸೆ ಬಿಟ್ಟು ಸನ್ನೆ ಹಿಡಿದೆ: ಬಲ-ಎಡ-ಬಲ ನೋಡಿದರೆ ಮುಂದಿನ ಪುಟ, ಎಡ-ಬಲ-ಎಡ ನೋಡಿದರೆ ಹಿಂದಿನದು. ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಅದನ್ನು ಬ್ಲೂಟೂತ್ ಕೀಲಿಮಣೆಯಾಗಿ ಕಳುಹಿಸುತ್ತದೆ. ಓದುವಾಗ ಸಾಲು ಮುಗಿದೊಡನೆ ಕಣ್ಣು ಎಡಕ್ಕೆ ಹಾರುತ್ತದಲ್ಲ, ಅದನ್ನು ಸನ್ನೆಯಿಂದ ಬೇರ್ಪಡಿಸುವ ಸಮಯದ ಲೆಕ್ಕವನ್ನು ಇಲ್ಲಿ ಬಿಚ್ಚಿಡುವುದಿಲ್ಲ. ವಾರಗಟ್ಟಲೆ ಬೆವರು ಸುರಿಸಿ ಪಡೆದದ್ದು ಅದು.

ಸಿಗ್ನಲ್ ಹಿಡಿಯಲು ಚರ್ಮಕ್ಕೆ ಅಂಟಿಸುವ, ಔಷಧ ಅಂಗಡಿಯ ಜೆಲ್ ಎಲೆಕ್ಟ್ರೋಡ್ ಮಧ್ಯಾಹ್ನದೊಳಗೆ ಚರ್ಮ ಕೆಂಪಾಗಿಸುತ್ತಿತ್ತು. ಅಕ್ಕಸಾಲಿಗರಿಂದ ಬೆಳ್ಳಿ ತಗಡಿನಲ್ಲಿ ಎರಡು ಮೂಗಿನ ಪ್ಯಾಡ್ ಮಾಡಿಸಿದೆ. ಮಜೂರಿ ಸೇರಿ ಸಾವಿರದ ಆಸುಪಾಸು. ಬ್ಲೀಚ್ ದ್ರಾವಣದಲ್ಲಿ ಅದ್ದಿಟ್ಟರೆ ಹೊಳಪು ಹೋಗಿ ಮಂಕು ಕಂದು ಪದರ ಕೂರುತ್ತದೆ. ಆ ಸಿಲ್ವರ್ ಕ್ಲೋರೈಡ್ ಪದರವೇ ಸಿಗ್ನಲ್ಲನ್ನು ಸ್ಥಿರಗೊಳಿಸಿದ್ದು. ಚೆನ್ನಾಗಿ ತೊಳೆದೇ ಮೂಗಿಗೇರಿಸಬೇಕು. ಮೂರನೆಯ ಎಲೆಕ್ಟ್ರೋಡ್ ಕಿವಿಯ ಹಿಂದೆ. ಬೋರ್ಡ್ ಬ್ಯಾಟರಿಯಲ್ಲೇ ಓಡಲಿ. ಚಾರ್ಜರ್‌ಗೆ ಸಿಕ್ಕಿಸಿದರೆ ಮನೆಯ ಕರೆಂಟಿನ 50 ಹರ್ಟ್ಸ್ ಗದ್ದಲ ಎಲ್ಲವನ್ನೂ ನುಂಗುತ್ತದೆ, ಮೈಗೂ ಅಪಾಯ.

ನಡುವೆ ಬೇರೆ ಪರೀಕ್ಷೆಗಳೂ ಆದವು. ಚಕ್ಕುಲಿ ಅಗಿದರೆ ದವಡೆಯ ಸ್ನಾಯುಗಳ ಗದ್ದಲಕ್ಕೆ ಪುಟಗಳು ತಾವಾಗಿ ಮಗುಚುತ್ತವೆ. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ತಡೆ ಹಾಕಿದ್ದೇನೆ. ಕರೆಂಟ್ ಹೋಗಿ ಕತ್ತಲಲ್ಲಿ ಕುಳಿತ ಸಂಜೆ ಸಿಗ್ನಲ್‌ನ ಜಿಗಿತಗಳ ಎತ್ತರ ಮೆಲ್ಲಗೆ ಇಳಿಯಿತು; ದೀಪ ಬಂದು ಹತ್ತು ನಿಮಿಷದ ಹೊತ್ತಿಗೆ ಮೊದಲಿಗಿಂತಲೂ ಮೇಲೇರಿತು. ರೆಟಿನಾದ ವಿದ್ಯುತ್ ವಿಭವವೇ ಬೆಳಕಿನೊಂದಿಗೆ ಬದಲಾಗುತ್ತದೆ. ಹಾಗಾಗಿ ಜಿಗಿತವೆಂದು ಎಣಿಸುವ ಮಿತಿಯನ್ನು ಸ್ಥಿರ ಸಂಖ್ಯೆಯಾಗಿಡದೆ, ಕಳೆದ ಕೆಲ ಜಿಗಿತಗಳ ಸರಾಸರಿಗೆ ಕಟ್ಟಿದೆ.

ಕೈಗೂಡಿದ ಕನ್ನಡಕಕ್ಕೆ ಬಿದ್ದ ಖರ್ಚು ಮೂರು ಸಾವಿರದಷ್ಟು. ಹತ್ತು ಸನ್ನೆಗಳಲ್ಲಿ ಒಂಬತ್ತಾದರೂ ಸರಿ ಬೀಳುತ್ತವೆ. ಹುಬ್ಬಿನ ಮೇಲೆ ಎರಡನೇ ಚಾನೆಲ್ ಕೂಡಿಸುವ ಕೆಲಸ ನಡೆದಿದೆ. ಬೇಕೆಂದೇ ಮಿಟುಕಿಸಿದ್ದನ್ನು ತಾನಾಗಿ ಮಿಟುಕಿದ್ದರಿಂದ ಬೇರ್ಪಡಿಸಿದರೆ ಕ್ಲಿಕ್ಕೂ ಸಿಗುತ್ತದೆ.