ಸುಟಾಶ್ ಬ್ರೇಡ್ ಸುಕ್ಕಿಲ್ಲದೆ ಕೂರಬೇಕಾದರೆ

ಸಮವಸ್ತ್ರದ ತೋಳಿನ ಮೇಲೆ ಸುರುಳಿ ಸುರುಳಿಯಾಗಿ ಓಡುವ ಸಣ್ಣ ಬ್ರೇಡಿಗೆ, ಅಂದರೆ ನೂಲಿನಿಂದ ಹೆಣೆದ ಅಲಂಕಾರದ ಪಟ್ಟಿಗೆ, ಸುಟಾಶ್ ಎಂದು ಹೆಸರು. ಪಕ್ಕಪಕ್ಕದ ಎರಡು ಹುರಿಗಳ ಸುತ್ತ ನೂಲು ಹೆಣೆದಿರುತ್ತದೆ, ನಡುವೆ ಒಂದು ಸಣ್ಣ ಗೀರು. ಹೊಲಿಗೆ ಆ ಗೀರಿನೊಳಗೇ ಬೀಳಬೇಕು. ಹುರಿಯ ಮೇಲೆ ಹತ್ತಿತೋ, ದಾರ ಎದ್ದು ಕಾಣುತ್ತದೆ, ಬ್ರೇಡೂ ತಿರುಚಿಕೊಳ್ಳುತ್ತದೆ.

ವಿನ್ಯಾಸದ ಗೆರೆಯುದ್ದಕ್ಕೂ ಒಂದು ದಾರ ಹಾಸಿ ಅಳೆಯಿರಿ. ಆ ಅಳತೆಗೆ ಹತ್ತನೇ ಒಂದು ಭಾಗ ಸೇರಿಸಿ, ಎರಡೂ ತುದಿಗೆ 5 ಸೆಂ.ಮೀ. ಹೆಚ್ಚು ಬಿಡಿ. ಕತ್ತರಿಸುವ ಮೊದಲೇ ಆ ಜಾಗಕ್ಕೆ ಟೇಪ್ ಸುತ್ತಿ. ಇಲ್ಲವಾದರೆ ಹೆಣಿಗೆ ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತದೆ.

ಹತ್ತಿ ಅಥವಾ ರೇಯಾನ್ ಬ್ರೇಡನ್ನು ಅರ್ಧ ಗಂಟೆ ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ಎಳೆಯದೆ ಹರಡಿ ಒಣಗಿಸಿ. ಮೊದಲ ಒಗೆತದ ಬಳಿಕ ಬಟ್ಟೆ ಸುಕ್ಕುಗಟ್ಟುವುದು ಬಹುಮಟ್ಟಿಗೆ ಈ ಕೆಲಸ ಬಿಟ್ಟಿದ್ದರಿಂದಲೇ. ಬಣ್ಣ ಬಿಡುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ. ಜರಿ ಬ್ರೇಡಿಗೆ ಮಾತ್ರ ನೀರು ಸೋಕಿಸಬೇಡಿ.

ತೋಳಿನ ಪಕ್ಕದ ಹೊಲಿಗೆ ಹಾಕುವ ಮೊದಲು, ಬಟ್ಟೆ ಇನ್ನೂ ಚಪ್ಪಟೆಯಾಗಿರುವಾಗಲೇ ಬ್ರೇಡ್ ಕೂರಿಸಿ. ಲೈನಿಂಗ್ ಆಮೇಲೆ ಬರಲಿ, ಹಿಂಬದಿಯ ಗಂಟುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಬಟ್ಟೆ ತೆಳುವಾಗಿದ್ದರೆ ಅಡಿಗೆ ಕ್ಯಾನ್ವಾಸ್ ಕೊಡಿ. ಸೀಮೆಸುಣ್ಣದ ಗೆರೆಯ ಮೇಲೆ ಕಚ್ಚಾ ಹೊಲಿಗೆ ಹಾಕಿ, ನಂತರ ಹೊಲಿಗೆ ಯಂತ್ರದಲ್ಲಿ 11ನೇ ನಂಬರಿನ ಸೂಜಿ, 2 ಮಿ.ಮೀ. ಹೊಲಿಗೆಯಲ್ಲಿ ನಿಧಾನವಾಗಿ ಹೊಲಿಯಿರಿ. ಬ್ರೇಡನ್ನು ಎಂದೂ ಬಿಗಿಯಾಗಿ ಎಳೆದು ಹಿಡಿಯಬೇಡಿ, ಕೈ ಬಿಟ್ಟೊಡನೆ ಅದು ಕುಗ್ಗಿ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಚೂಪು ತಿರುವಿನಲ್ಲಿ ಸೂಜಿ ಬಟ್ಟೆಯಲ್ಲೇ ಇರಲಿ, ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಫುಟ್ ಎತ್ತಿ ಬಟ್ಟೆ ತಿರುಗಿಸಿ. ತೀರಾ ಸಣ್ಣ ಸುರುಳಿಗೆ ಒಂದು ಉಪಾಯವಿದೆ: ತುದಿಯಲ್ಲಿ ಒಂದು ಹುರಿಯನ್ನು ಬಿಡಿಸಿ ಮೆಲ್ಲಗೆ ಎಳೆದರೆ ಬ್ರೇಡ್ ಆ ಕಡೆಗೆ ತಾನೇ ಬಾಗುತ್ತದೆ.

ತುದಿಗಳನ್ನು ಮೇಲ್ಗಡೆ ಮಡಚಿ ಹೊಲಿದರೆ ದಪ್ಪ ಗಂಟಾಗಿ ಕಾಣುತ್ತದೆ. ದಬ್ಬಳದಿಂದ ರಂಧ್ರ ಮಾಡಿ ಹಿಂಬದಿಗೆ ಎಳೆದು, ಅಲ್ಲೇ ಕೈಹೊಲಿಗೆಯಲ್ಲಿ ಕಟ್ಟಿ.

ಪಾದ್ರಿಗಳ ನಿಲುವಂಗಿಯಲ್ಲಿ ಬರುವ ಅಗಲ ಪಟ್ಟಿಯ ಬ್ರೇಡಿನ ಲೆಕ್ಕ ಬೇರೆ. ಎರಡೂ ಅಂಚನ್ನು ಒಂದೇ ದಿಕ್ಕಿನಲ್ಲಿ ಹೊಲಿಯಬೇಕು, ಎದುರುಬದುರು ಹೊಲಿದರೆ ಓರೆ ಸುಕ್ಕು ಬೀಳುತ್ತದೆ. ತಿರುವಿದ್ದಲ್ಲಿ ಹೊರ ಅಂಚು ಮೊದಲು. ಒಳ ಅಂಚಿನಲ್ಲಿ ಉಳಿಯುವ ಸಡಿಲವನ್ನು ಸಣ್ಣ ನೆರಿಗೆ ದಾರ ಎಳೆದು ಅಡಗಿಸಿ.

ಇಸ್ತ್ರಿಗೆ ಮೊದಲು ದಪ್ಪ ಟವೆಲ್ ಹಾಸಿ, ಬ್ರೇಡ್ ಇರುವ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಒತ್ತಿ. ಜರಿಯಿದ್ದರೆ ಕಡಿಮೆ ಶಾಖ ಸಾಕು, ಆವಿ ಬೇಡ.