ಡಿಫೆನ್ಸ್ ಸೆಂಟರ್‌ಗಾಗಿ ಟ್ರೇಡ್: ಮಾಡಬೇಕೋ ಬೇಡವೋ, ಅಳೆಯುವುದು ಹೇಗೆ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, 2022ರ ಜುಲೈ ಮೊದಲ ವಾರ. ಮಿನೆಸೋಟಾ ಟಿಂಬರ್‌ವುಲ್ವ್ಸ್ ತಂಡ ಯೂಟಾ ಜಾಝ್‌ನಿಂದ ರೂಡಿ ಗೋಬೇರ್ ಅವರನ್ನು ಟ್ರೇಡ್‌ನಲ್ಲಿ, ಅಂದರೆ ಅದಲುಬದಲಿನಲ್ಲಿ, ಕರೆತಂದಿತು. 7 ಅಡಿ 1 ಇಂಚು ಎತ್ತರದ ಈ ಫ್ರೆಂಚ್ ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ) ಅಷ್ಟು ಹೊತ್ತಿಗೆ ಮೂರು ಸಲ ಎನ್‌ಬಿಎಯ ವರ್ಷದ ಡಿಫೆಂಡರ್ ಪ್ರಶಸ್ತಿ ಗೆದ್ದಿದ್ದರು. ಅವರಿಗಾಗಿ ಮಿನೆಸೋಟಾ ಕೊಟ್ಟಿದ್ದು ನಾಲ್ವರು ಆಟಗಾರರು, ಆಗಷ್ಟೇ ಡ್ರಾಫ್ಟ್‌ನಲ್ಲಿ (ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸಬರನ್ನು ಆರಿಸುವ ಪ್ರಕ್ರಿಯೆ) ಆರಿಸಿದ್ದ ಹುಡುಗ ವಾಕರ್ ಕೆಸ್ಲರ್, ಮೊದಲ ಸುತ್ತಿನ ನಾಲ್ಕು ಡ್ರಾಫ್ಟ್ ಪಿಕ್ ಅಂದರೆ ಹಾಗೆ ಆರಿಸುವ ಸರದಿ, ಸಾಲದು ಅಂತ 2026ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು.

ಒಬ್ಬ ಸೆಂಟರ್‌ಗೆ ಇಷ್ಟೊಂದಾ ಅಂತ ನನಗೂ ಅನಿಸಿತ್ತು. ಮೂರು ಸೀಸನ್ ನೋಡಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಜೊತೆಗೆ ಇಂಥ ಟ್ರೇಡ್‌ಗಳನ್ನು ನಾನು ನೋಡುವ ರೀತಿಯೂ ಬದಲಾಯಿತು. ಈಗ ಯಾವುದೇ ತಂಡ ಡಿಫೆನ್ಸ್ ಸೆಂಟರ್ ಹುಡುಕುತ್ತಿದೆ ಅಂದರೆ ನಾನು ಮೊದಲು ನೋಡುವುದು ಆ ಸೆಂಟರ್‌ನ ಸುತ್ತ ನಿಲ್ಲುವ ನಾಲ್ವರನ್ನು. ಗೋಬೇರ್ ಕತೆಯನ್ನೇ ಕೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ತೂತು ಎಲ್ಲಿದೆ ಅಂತ ಹುಡುಕಿ

ತಂಡ ಜಾಸ್ತಿ ಪಾಯಿಂಟ್ ಬಿಟ್ಟುಕೊಡುತ್ತಿದೆ ಅಂದ ಮಾತ್ರಕ್ಕೆ ಸೆಂಟರ್ ಬೇಕು ಅಂತ ಅಲ್ಲ. ಪಾಯಿಂಟ್ ಸೋರುತ್ತಿರುವುದು ಎಲ್ಲಿಂದ? ರಿಂಗ್ ಪಕ್ಕದಲ್ಲೋ, ಮೂರು ಪಾಯಿಂಟ್ ಗೆರೆಯ ಹೊರಗೋ? ಹೊರಗಿನಿಂದ ಸೋರುತ್ತಿದ್ದರೆ ಎಷ್ಟು ಎತ್ತರದ ಸೆಂಟರ್ ತಂದರೂ ತೂತು ಮುಚ್ಚುವುದಿಲ್ಲ.

ಮಿನೆಸೋಟಾದ ತೂತು ಎಲ್ಲರ ಕಣ್ಣಿಗೂ ಬಿದ್ದಿತ್ತು. 2022ರ ಏಪ್ರಿಲ್‌ನಲ್ಲಿ ಮೆಂಫಿಸ್ ಎದುರು ಪ್ಲೇಆಫ್ (ಸೀಸನ್ ಮುಗಿದ ಮೇಲಿನ ನಾಕೌಟ್ ಸರಣಿಗಳು) ಮೊದಲ ಸುತ್ತು. ಮೂರನೇ ಪಂದ್ಯದಲ್ಲಿ ಮಿನೆಸೋಟಾ 26 ಪಾಯಿಂಟ್ ಮುಂದಿತ್ತು. ಸೋತಿತು. ಐದನೇ ಪಂದ್ಯದಲ್ಲೂ, ಆರನೇ ಪಂದ್ಯದಲ್ಲೂ ಕೊನೆಯ ಕ್ವಾರ್ಟರ್‌ಗೆ ಹೋಗುವಾಗ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಮುಂದಿತ್ತು. ಎರಡೂ ಸೋತಿತು. ಐದನೇ ಪಂದ್ಯ ಮುಗಿಸಿದ ಶಾಟ್ ನೆನಪಿಸಿಕೊಳ್ಳಿ. ಒಂದು ಸೆಕೆಂಡ್ ಉಳಿದಿರುವಾಗ ಮೆಂಫಿಸ್‌ನ ಜಾ ಮೊರಾಂಟ್ ನೇರ ರಿಂಗ್ ತನಕ ನುಗ್ಗಿ ಲೇಅಪ್ ಹಾಕಿದರು. ತಪ್ಪಿದ ಶಾಟ್‌ಗಳ ರೀಬೌಂಡ್ ಕೂಡ ಮೆಂಫಿಸ್ ಕೈಗೇ ಹೋಗುತ್ತಿತ್ತು. ರಿಂಗ್ ಹತ್ತಿರ ಹೆದರಿಸುವವರು ಯಾರೂ ಇರಲಿಲ್ಲ. ಅಂದರೆ ಮಿನೆಸೋಟಾ ಕೇಳಿದ್ದು ಸರಿಯಾದ ಪ್ರಶ್ನೆಯೇ. ಮಿಕ್ಕಿದ್ದು ಬೆಲೆಯ ಮಾತು, ಹೊಂದಾಣಿಕೆಯ ಮಾತು.

ಹೆಜ್ಜೆ 2: ಬ್ಲಾಕ್ ಎಣಿಸಬೇಡಿ, ಕಾಲು ನೋಡಿ

ಸ್ಕೋರ್‌ಕಾರ್ಡ್‌ನಲ್ಲಿ ಬ್ಲಾಕ್, ಅಂದರೆ ಎದುರಾಳಿಯ ಶಾಟ್ ಅನ್ನು ಕೈಯಿಂದ ತಡೆದದ್ದು, ಕಾಣುತ್ತದೆ. ಆದರೆ ಒಳ್ಳೆಯ ಡಿಫೆನ್ಸ್ ಸೆಂಟರ್‌ನ ದೊಡ್ಡ ಕೆಲಸ ಅಲ್ಲಿ ಕಾಣುವುದೇ ಇಲ್ಲ. ಎದುರಾಳಿ ಹಾಕದೇ ಬಿಟ್ಟ ಶಾಟ್‌ಗಳನ್ನು ಯಾರೂ ಬರೆದಿಡುವುದಿಲ್ಲ, ಅಲ್ವಾ?

ಒಂದೇ ಒಂದು ಆಟವನ್ನು ಹತ್ತಿರದಿಂದ ನೋಡಿ. ಎದುರಾಳಿ ಗಾರ್ಡ್ (ಚೆಂಡು ತಂದು ಆಟ ಕಟ್ಟುವವರು) ಚೆಂಡು ಬಡಿಯುತ್ತಾ ಬರುತ್ತಾರೆ. ಅವರ ಸೆಂಟರ್ ಬಂದು ನಮ್ಮ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾರೆ. ಇದೇ ಸ್ಕ್ರೀನ್. ನಮ್ಮವರು ಅದಕ್ಕೆ ತಗುಲಿಕೊಂಡು ಅರ್ಧ ಹೆಜ್ಜೆ ಹಿಂದೆ ಬೀಳುತ್ತಾರೆ. ಈಗ ಗಾರ್ಡ್ ಮತ್ತು ರಿಂಗ್ ನಡುವೆ ಇರುವುದು ಗೋಬೇರ್ ಒಬ್ಬರೇ. ಅವರು ಮುಂದೆ ಓಡುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮಂಡಿ ಬಗ್ಗಿದೆ, ಎರಡೂ ಕೈ ಅಗಲಕ್ಕೆ ಚಾಚಿದೆ. ಆ ಕೈಗಳ ಒಟ್ಟು ಚಾಚು 7 ಅಡಿ 9 ಇಂಚು. ಒಂದು ಕಣ್ಣು ಗಾರ್ಡ್ ಮೇಲೆ, ಇನ್ನೊಂದು ರಿಂಗ್ ಕಡೆ ಓಡುತ್ತಿರುವ ಸೆಂಟರ್ ಮೇಲೆ. ಇದಕ್ಕೆ ಡ್ರಾಪ್ ಅನ್ನುತ್ತಾರೆ. ಗಾರ್ಡ್ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಆ ಒಂದು ಕ್ಷಣದಲ್ಲಿ ಹಿಂದೆ ಬಿದ್ದಿದ್ದ ನಮ್ಮ ಡಿಫೆಂಡರ್ ಮತ್ತೆ ಬಂದು ಸೇರಿಕೊಳ್ಳುತ್ತಾರೆ. ಚೆಂಡು ಹೊರಗೆ ಹೋಗುತ್ತದೆ. ಬ್ಲಾಕ್ ಇಲ್ಲ, ರೀಬೌಂಡ್ ಇಲ್ಲ, ಆದರೂ ಒಂದು ಲೇಅಪ್ ತಪ್ಪಿತು.

ಇದನ್ನು ನೀವೇ ಅಳೆಯಬಹುದು. ಎನ್‌ಬಿಎ ಪಂದ್ಯಗಳು ನಮಗೆ ಬರುವುದು ಬೆಳಗಿನ ಹೊತ್ತು. ಕಾಫಿ ಲೋಟದ ಪಕ್ಕ ಒಂದು ಹಾಳೆ ಇಟ್ಟುಕೊಳ್ಳಿ. ಇಪ್ಪತ್ತು ಸಲ ಎದುರಾಳಿ ದಾಳಿ ಮಾಡುವಾಗ ಚೆಂಡು ನೋಡದೆ ಸೆಂಟರ್ ಒಬ್ಬರನ್ನೇ ನೋಡಿ. ಮೂರು ಕಾಲಂ ಸಾಕು: ಗಾರ್ಡ್ ಒಳಗೆ ಬಂದು ಶಾಟ್ ಹಾಕಿದ್ದು ಎಷ್ಟು ಸಲ, ಬಂದು ವಾಪಸ್ ಹೋಗಿದ್ದು ಎಷ್ಟು ಸಲ, ಸೆಂಟರ್ ತಮ್ಮ ಜಾಗ ಬಿಟ್ಟು ಓಡಬೇಕಾಗಿ ಬಂದದ್ದು ಎಷ್ಟು ಸಲ. ಮೊದಲ ಹತ್ತು ಸಲ ಕಷ್ಟ, ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಮೂರನೇ ಕಾಲಂ ತುಂಬುತ್ತಿದ್ದರೆ ಮುಂದಿನ ಹೆಜ್ಜೆಯನ್ನು ಎರಡು ಸಲ ಓದಿ.

ಒಂದು ಮಾತು. ನಮ್ಮ ಕಾಲೇಜು ಕೋರ್ಟ್‌ಗಳಲ್ಲಿ ಆಡುವುದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ. ಅಲ್ಲಿ ಡಿಫೆನ್ಸ್ ಸೆಂಟರ್ ರಿಂಗ್ ಕೆಳಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ 2001–02ರಿಂದ ಹಾಗಿಲ್ಲ. ಯಾರನ್ನೂ ಕಾಯದೆ ಬಣ್ಣದ ಚೌಕದೊಳಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವಂತಿಲ್ಲ. ಅದಕ್ಕೇ ಅಲ್ಲಿ ಎತ್ತರ ಒಂದೇ ಸಾಲದು, ಒಳಗೆ ಹೊರಗೆ ಹೆಜ್ಜೆ ಹಾಕುವ ಲೆಕ್ಕ ಗೊತ್ತಿರಬೇಕು.

ಹೆಜ್ಜೆ 3: ಸೆಂಟರ್ ಮುಂದೆ ನಿಲ್ಲುವವರು ಯಾರು?

ನನ್ನ ಪ್ರಕಾರ ಇಡೀ ತೀರ್ಮಾನ ನಿಂತಿರುವುದು ಇಲ್ಲಿ.

2021ರ ಜೂನ್ 18, ಲಾಸ್ ಏಂಜಲೀಸ್. ಆ ಸೀಸನ್‌ನಲ್ಲಿ ಯೂಟಾ 72 ಪಂದ್ಯಗಳಲ್ಲಿ 52 ಗೆದ್ದು ಇಡೀ ಲೀಗ್‌ಗೇ ಮೊದಲಿತ್ತು. ಗೋಬೇರ್ ಮೂರನೇ ಡಿಫೆಂಡರ್ ಪ್ರಶಸ್ತಿ ಪಡೆದದ್ದು ಅದೇ ತಿಂಗಳು. ಎದುರಾಳಿ ಕ್ಲಿಪ್ಪರ್ಸ್ ತಂಡದಲ್ಲಿ ಮುಖ್ಯ ಆಟಗಾರ ಕವಾಯ್ ಲೆನರ್ಡ್ ಗಾಯಗೊಂಡು ಹೊರಗಿದ್ದರು. ಎರಡನೇ ಸುತ್ತಿನ ಆರನೇ ಪಂದ್ಯ. ಯೂಟಾ 25 ಪಾಯಿಂಟ್ ಮುಂದಿತ್ತು.

ಕ್ಲಿಪ್ಪರ್ಸ್ ಸೆಂಟರ್ ಇಲ್ಲದೆ ಆಡಿತು. ಐವರೂ ಮೂರು ಪಾಯಿಂಟ್ ಗೆರೆಯ ಹೊರಗೆ ಹರಡಿ ನಿಂತರು. ಗೋಬೇರ್ ಕಾಯಬೇಕಾದವರು ಮೂಲೆಯಲ್ಲಿ ನಿಂತ ಟೆರೆನ್ಸ್ ಮ್ಯಾನ್. ಯೂಟಾದ ಗಾರ್ಡ್‌ಗಳನ್ನು ಕ್ಲಿಪ್ಪರ್ಸ್ ಆಟಗಾರರು ಸಲೀಸಾಗಿ ದಾಟಿ ಒಳಗೆ ನುಗ್ಗುತ್ತಿದ್ದರು. ಗೋಬೇರ್ ಏನು ಮಾಡಬೇಕು? ರಿಂಗ್ ಕಾಯಲು ಒಳಗೆ ಬಂದರೆ ಮೂಲೆಯಲ್ಲಿ ಮ್ಯಾನ್ ಒಬ್ಬರೇ. ಮೂಲೆಯಲ್ಲೇ ಉಳಿದರೆ ಲೇಅಪ್. ಅವರು ಒಳಗೆ ಬಂದರು, ಚೆಂಡು ಮೂಲೆಗೆ ಹಾರಿತು. ಮತ್ತೆ ಮತ್ತೆ ಇದೇ. ಮ್ಯಾನ್ ಏಳು ತ್ರೀ (ಮೂರು ಪಾಯಿಂಟ್ ಶಾಟ್) ಹಾಕಿ 39 ಪಾಯಿಂಟ್ ಮಾಡಿದರು. ಕ್ಲಿಪ್ಪರ್ಸ್ 131–119ರಲ್ಲಿ ಗೆದ್ದಿತು.

ಅವತ್ತು ರಾತ್ರಿಯಿಂದ "ಪ್ಲೇಆಫ್‌ನಲ್ಲಿ ಗೋಬೇರ್ ನಡೆಯೋದಿಲ್ಲ" ಅನ್ನುವ ಮಾತು ಅಂಟಿಕೊಂಡಿತು. ಆ ಪಂದ್ಯವನ್ನು ಮತ್ತೊಮ್ಮೆ ನೋಡಿದರೆ ನನಗೆ ಕಾಣುವುದೇ ಬೇರೆ. ಮೊದಲ ಬಾಗಿಲು ದಾಟಿ ಬಂದವರನ್ನು ತಡೆಯುವ ಕೆಲಸ ಪ್ರತಿ ಸಲವೂ ಒಬ್ಬರ ತಲೆಗೇ ಬಿತ್ತು. ಮನೆಗೆ ಹಿತ್ತಿಲ ಕಾವಲು ಎಷ್ಟೇ ಗಟ್ಟಿ ಇರಲಿ, ಮುಂಬಾಗಿಲು ಹಾಕದಿದ್ದರೆ ಕಾವಲುಗಾರ ಎಷ್ಟು ಕಡೆ ಓಡಬೇಕು?

ಮಿನೆಸೋಟಾದಲ್ಲಿ ಮುಂಬಾಗಿಲು ಗಟ್ಟಿ ಇತ್ತು. ಜೇಡನ್ ಮೆಕ್‌ಡ್ಯಾನಿಯಲ್ಸ್ ಉದ್ದ ಕೈಕಾಲಿನ ಹುಡುಗ, ಎದುರಾಳಿಯ ಅತ್ಯುತ್ತಮ ಗಾರ್ಡ್‌ಗೆ ಅಂಟಿಕೊಂಡು ನಿಲ್ಲಬಲ್ಲರು. ಆಂಥನಿ ಎಡ್ವರ್ಡ್ಸ್‌ಗೆ ದೇಹಬಲ ಇದೆ. ಫಲ 2023–24ರಲ್ಲಿ ಕಂಡಿತು. 56 ಗೆಲುವು, ಪಂದ್ಯಕ್ಕೆ ಎದುರಾಳಿಗೆ ಬಿಟ್ಟುಕೊಟ್ಟದ್ದು 106.5 ಪಾಯಿಂಟ್. ಇಡೀ ಲೀಗ್‌ನಲ್ಲಿ ಅದಕ್ಕಿಂತ ಕಡಿಮೆ ಯಾರೂ ಇಲ್ಲ. ಗೋಬೇರ್‌ಗೆ ನಾಲ್ಕನೇ ಪ್ರಶಸ್ತಿ ಬಂತು. ಡಿಕೆಂಬೆ ಮುಟೊಂಬೊ, ಬೆನ್ ವ್ಯಾಲೆಸ್ ಬಿಟ್ಟರೆ ನಾಲ್ಕು ಗೆದ್ದವರು ಇವರೇ.

ಅದೇ ವರ್ಷದ ಇನ್ನೊಂದು ಪಂದ್ಯವೂ ಲೆಕ್ಕಕ್ಕೆ ಬರಬೇಕು. ಪ್ಲೇಆಫ್‌ನಲ್ಲಿ ಡೆನ್ವರ್ ಎದುರು ಎರಡನೇ ಪಂದ್ಯಕ್ಕೆ ಗೋಬೇರ್ ಇರಲಿಲ್ಲ, ಮಗ ಹುಟ್ಟಿದ ಸಂದರ್ಭ. ಅವರಿಲ್ಲದೆಯೂ ಮಿನೆಸೋಟಾ ಹಾಲಿ ಚಾಂಪಿಯನ್‌ರನ್ನು 80 ಪಾಯಿಂಟ್‌ಗೆ ಕಟ್ಟಿಹಾಕಿ 106–80ರಲ್ಲಿ ಗೆದ್ದಿತು. ಸೆಂಟರ್ ಬೇಡವಾಗಿತ್ತು ಅಂತ ಇದರ ಅರ್ಥ ಅಲ್ಲ. ಮುಂದಿನ ನಾಲ್ವರು ಎಷ್ಟು ಗಟ್ಟಿಯಾಗಿದ್ದರು ಅಂತ ಅರ್ಥ.

ಹೆಜ್ಜೆ 4: ದಾಳಿಯಲ್ಲಿ ಎಷ್ಟು ನಷ್ಟ?

ಗೋಬೇರ್ ಹೊರಗಿನಿಂದ ಶಾಟ್ ಹಾಕುವುದಿಲ್ಲ. ಹಾಗಾಗಿ ಅವರನ್ನು ಕಾಯುವವರು ರಿಂಗ್ ಹತ್ತಿರವೇ ನಿಂತು ಜಾಗ ಕಿರಿದು ಮಾಡುತ್ತಾರೆ. ಮಿನೆಸೋಟಾಗೆ ಒಂದು ಅನುಕೂಲ ಇತ್ತು. ಆಗಲೇ ಇದ್ದ ದೊಡ್ಡ ಆಟಗಾರ ಕಾರ್ಲ್-ಆಂಥನಿ ಟೌನ್ಸ್ 2022ರ ಆಲ್‌ಸ್ಟಾರ್ ತ್ರೀ ಪಾಯಿಂಟ್ ಸ್ಪರ್ಧೆ ಗೆದ್ದವರು. ಅವರು ಹೊರಗೆ ನಿಂತರೆ ಒಳಗೆ ಜಾಗ ಆಗುತ್ತದೆ. ನಿಮ್ಮ ತಂಡದ ಇನ್ನೊಬ್ಬ ದೊಡ್ಡ ಆಟಗಾರನೂ ರಿಂಗ್ ಹತ್ತಿರವೇ ಆಡುವವನಾದರೆ ಈ ಟ್ರೇಡ್ ಅಲ್ಲಿಗೇ ಕೈಬಿಡಿ.

ಸರಿಯಾದ ಹೊತ್ತಿಗೆ ಎತ್ತರಕ್ಕೆ ಚೆಂಡು ಎಸೆದುಕೊಡುವ ಗಾರ್ಡ್ ಕೂಡ ಬೇಕು. ಮಿನೆಸೋಟಾ ಇದನ್ನು ತಡವಾಗಿ ಸರಿಮಾಡಿಕೊಂಡಿತು. 2023ರ ಫೆಬ್ರುವರಿಯಲ್ಲಿ, ಯೂಟಾದಲ್ಲಿ ಗೋಬೇರ್ ಜೊತೆ ಆಡಿದ್ದ ಮೈಕ್ ಕಾನ್ಲೀ ಅವರನ್ನು ತಂದಿತು.

ಹೆಜ್ಜೆ 5: ಬೆಲೆಯನ್ನು ಮೂರು ಚೀಟಿಯಲ್ಲಿ ಬರೆಯಿರಿ

ಮೊದಲ ಚೀಟಿ ಸಂಬಳ. ಆಗ ಗೋಬೇರ್ ಒಪ್ಪಂದ 5 ವರ್ಷಕ್ಕೆ 20.5 ಕೋಟಿ ಡಾಲರ್. 2022–23ರಲ್ಲಿ ಅವರೊಬ್ಬರ ಸಂಬಳವೇ ಸುಮಾರು 3.8 ಕೋಟಿ. ಆ ವರ್ಷ ಒಂದು ತಂಡದ ಸಂಬಳ ಮಿತಿ ಸುಮಾರು 12.4 ಕೋಟಿ. ಅಂದರೆ ಮಿತಿಯ ಮೂರನೇ ಒಂದು ಭಾಗದ ಹತ್ತಿರ ಒಬ್ಬರಿಗೇ. ಇವತ್ತು ಸುಧಾರಿಸಬಹುದು, ಆದರೆ ಯುವ ಆಟಗಾರರ ಹೊಸ ಒಪ್ಪಂದಗಳು ಬಂದ ದಿನ ಯಾರೋ ಒಬ್ಬರು ಹೋಗಲೇಬೇಕು. 2024ರಲ್ಲಿ ಟೌನ್ಸ್ ನ್ಯೂಯಾರ್ಕ್‌ಗೆ ಹೋದದ್ದರ ಹಿಂದೆ ಈ ಹಣದ ಒತ್ತಡವೂ ಇತ್ತು.

ಎರಡನೇ ಚೀಟಿ ಡ್ರಾಫ್ಟ್ ಪಿಕ್. ಮಿನೆಸೋಟಾ ಕೊಟ್ಟ ವರ್ಷಗಳನ್ನು ಗಮನಿಸಿ: 2023, 2025, 2027, 2029. ಒಂದು ವರ್ಷ ಬಿಟ್ಟು ಒಂದು ವರ್ಷ. ಇದು ಆಕಸ್ಮಿಕ ಅಲ್ಲ. ಮುಂದಿನ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದ ಹಾಗೆ ಯಾವ ತಂಡವೂ ಮಾಡಿಕೊಳ್ಳಬಾರದು ಅನ್ನುವ ನಿಯಮ ಇದೆ. 1980ರ ದಶಕದ ಆರಂಭದಲ್ಲಿ ಪಿಕ್‌ಗಳನ್ನು ಬೇಕಾಬಿಟ್ಟಿ ಕೊಟ್ಟ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಹೆಸರೇ ಆ ನಿಯಮಕ್ಕೆ ನಿಂತುಬಿಟ್ಟಿದೆ. ಏಳು ವರ್ಷಕ್ಕಿಂತ ಮುಂದಿನ ಪಿಕ್ ಕೊಡುವಂತೆಯೂ ಇಲ್ಲ. ನಿಯಮ ಬಿಟ್ಟಷ್ಟನ್ನು ಮಿನೆಸೋಟಾ ಹೆಚ್ಚುಕಡಿಮೆ ಪೂರ್ತಿ ಕೊಟ್ಟುಬಿಟ್ಟಿತು. 2029ರ ಪಿಕ್ ಮಾತ್ರ ಮೊದಲ ಐದರೊಳಗೆ ಬಂದರೆ ತನಗೇ ಅಂತ ಉಳಿಸಿಕೊಂಡಿತು. ಇಲ್ಲಿ ಲೆಕ್ಕ ಸರಳ. ನಿಮ್ಮ ತಂಡ ಗೆಲ್ಲುತ್ತಾ ಹೋದರೆ ಕೊಟ್ಟ ಪಿಕ್ ಅಗ್ಗವಾಗುತ್ತದೆ, ಸೋತರೆ ದುಬಾರಿಯಾಗುತ್ತದೆ. 2023ರ ಪಿಕ್ 16ನೇ ಸ್ಥಾನಕ್ಕೆ ಹೋಯಿತು.

ಮೂರನೇ ಚೀಟಿಯನ್ನು ಜನ ಮರೆಯುತ್ತಾರೆ: ಇದೇ ಕೆಲಸ ಮಾಡುವವರು ಕಡಿಮೆ ಬೆಲೆಗೆ ಸಿಗುತ್ತಾರಾ? ಡಲ್ಲಾಸ್ 2010ರಲ್ಲಿ ಟೈಸನ್ ಚಾಂಡ್ಲರ್ ಅವರನ್ನು ಸಣ್ಣ ಬೆಲೆಗೆ ತಂದು 2011ರಲ್ಲಿ ಚಾಂಪಿಯನ್ ಆಯಿತು. ಟೊರಾಂಟೊ 2019ರ ಫೆಬ್ರುವರಿಯಲ್ಲಿ ಮಾರ್ಕ್ ಗಸೋಲ್ ಅವರನ್ನು ತಂದಿತು, ಮೊದಲ ಸುತ್ತಿನ ಒಂದು ಪಿಕ್ಕೂ ಕೊಡಲಿಲ್ಲ, ಜೂನ್‌ನಲ್ಲಿ ಕಪ್ ಎತ್ತಿತು. ಇಬ್ಬರೂ ಗೋಬೇರ್ ಮಟ್ಟದ ರಿಂಗ್ ಕಾವಲುಗಾರರಲ್ಲ, ಆದರೆ ಆ ತಂಡಗಳಿಗೆ ಅಷ್ಟು ಸಾಕಿತ್ತು.

ಹೆಜ್ಜೆ 6: ಕೊನೆಯ ಐದು ನಿಮಿಷ

ಸೀಸನ್‌ನ 82 ಪಂದ್ಯ ಒಂದು ತೂಕ, ಪ್ಲೇಆಫ್‌ನ ಕೊನೆಯ ಐದು ನಿಮಿಷ ಇನ್ನೊಂದು ತೂಕ. ಅಲ್ಲಿ ಎದುರಾಳಿ ನಿಮ್ಮ ಸೆಂಟರ್ ಅನ್ನು ಹುಡುಕಿ ಹೊರಗೆ ಎಳೆಯುತ್ತಾರೆ. 2024ರ ಮೇ 24ರಂದು ಡಲ್ಲಾಸ್ ಅದನ್ನೇ ಮಾಡಿತು. ಸ್ವಿಚ್ ಆಗಿ, ಅಂದರೆ ಡಿಫೆಂಡರ್‌ಗಳು ತಾವು ಕಾಯುವವರನ್ನು ಅದಲುಬದಲು ಮಾಡಿಕೊಂಡು, ಡಲ್ಲಾಸ್‌ನ ಲೂಕಾ ಡಾನ್ಚಿಚ್ ಎದುರು ಗೋಬೇರ್ ಒಬ್ಬರೇ ಉಳಿದರು. ಮೂರು ಸೆಕೆಂಡ್ ಬಾಕಿ. ಲೂಕಾ ಹಿಂದೆ ಹಾರಿ ತ್ರೀ ಹಾಕಿದರು. 109–108. ಆ ಸರಣಿಯನ್ನು ಮಿನೆಸೋಟಾ 4–1ರಲ್ಲಿ ಸೋತಿತು.

ಮುಂದಿನ ವರ್ಷದ ಪ್ಲೇಆಫ್‌ನಲ್ಲಿ ಲೇಕರ್ಸ್, ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಅದೇ ಲೂಕಾ ಜೊತೆ, ಸೆಂಟರ್ ಇಲ್ಲದ ಸಣ್ಣ ತಂಡ ಇಳಿಸಿತು. ಐದನೇ ಪಂದ್ಯದಲ್ಲಿ ಮಿನೆಸೋಟಾ 47 ತ್ರೀ ಹೊಡೆದು 7 ಮಾತ್ರ ಹಾಕಿತು. ಇಂಥ ರಾತ್ರಿ ಗೆಲ್ಲುವ ತಂಡ ಸಿಗುವುದು ಅಪರೂಪ. ಗೋಬೇರ್ 27 ಪಾಯಿಂಟ್, 24 ರೀಬೌಂಡ್ ತೆಗೆದರು, 103–96ರಲ್ಲಿ ಮಿನೆಸೋಟಾ ಗೆದ್ದು ಸರಣಿಯೇ ಮುಗಿಯಿತು. ಅದಕ್ಕೇ ಕೇಳಬೇಕಾದ ಪ್ರಶ್ನೆ ಇದು: ಎದುರಾಳಿ ಸಣ್ಣ ತಂಡ ಇಳಿಸಿದಾಗ ನಿಮ್ಮ ಸೆಂಟರ್ ಅದಕ್ಕೆ ದಂಡ ಕಟ್ಟಿಸಬಲ್ಲರಾ, ಅಥವಾ ಬೆಂಚ್‌ಗೆ ಹೋಗಬೇಕಾ?

ಹೆಜ್ಜೆ 7: ತೀರ್ಪಿಗೆ ದಿನ ಗೊತ್ತು ಮಾಡಿ

ಮೊದಲ ಸೀಸನ್ ನೋಡಿ ತೀರ್ಪು ಕೊಟ್ಟಿದ್ದರೆ ಈ ಟ್ರೇಡ್ ಪೂರ್ತಿ ನಷ್ಟ. ಹಿಂದಿನ ವರ್ಷ 46 ಗೆದ್ದಿದ್ದ ತಂಡ 42 ಗೆದ್ದಿತು. ಟೌನ್ಸ್ ಮೀನಖಂಡದ ಗಾಯದಿಂದ 29 ಪಂದ್ಯ ಮಾತ್ರ ಆಡಿದರು, ಇಬ್ಬರು ದೊಡ್ಡವರು ಒಟ್ಟಿಗೆ ಆಡಿ ಕಲಿಯುವುದಕ್ಕೇ ಆಗಲಿಲ್ಲ. ಸೀಸನ್‌ನ ಕೊನೆಯ ದಿನ ಟೈಮ್‌ಔಟ್‌ನಲ್ಲಿ ಗೋಬೇರ್ ತಮ್ಮ ತಂಡದವರೇ ಆದ ಕೈಲ್ ಆಂಡರ್ಸನ್ ಮೇಲೆ ಕೈ ಮಾಡಿದರು. ಡಿಫೆನ್ಸ್ ಅಂದರೆ ಐವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾ ಆಡುವ ಆಟ, ಅದು ಕೂಡಿಬರಲು ಸಮಯ ಬೇಕು. ಕನಿಷ್ಠ ಎರಡು ಸೀಸನ್ ಕೊಡಿ.

ನನ್ನನ್ನು ಕೇಳಿದರೆ, 2022ರ ಜುಲೈಗೆ ವಾಪಸ್ ಹೋದರೂ ಮಿನೆಸೋಟಾ ಈ ಟ್ರೇಡ್ ಮಾಡಬೇಕು. 2004ರ ನಂತರ ಕಾನ್ಫರೆನ್ಸ್ ಫೈನಲ್ (ಲೀಗ್ ಫೈನಲ್‌ಗೆ ಹಿಂದಿನ ಸುತ್ತು) ಮುಖವನ್ನೇ ನೋಡದ ತಂಡ ಸತತ ಎರಡು ವರ್ಷ ಅಲ್ಲಿಗೆ ಹೋಯಿತು. ಆದರೆ ವಾಕರ್ ಕೆಸ್ಲರ್ ಹೆಸರು ಬಂದಾಗ ಚೌಕಾಸಿ ನಿಲ್ಲಿಸಬಾರದಿತ್ತು. ಡ್ರಾಫ್ಟ್‌ನಲ್ಲಿ 22ನೆಯವನಾಗಿ ಆರಿಸಿದ್ದ ಆ ಹುಡುಗನೂ ರಿಂಗ್ ಕಾಯುವ ಸೆಂಟರ್. ಮೊದಲ ವರ್ಷವೇ ಯೂಟಾ ಪರ ಪಂದ್ಯಕ್ಕೆ ಎರಡಕ್ಕಿಂತ ಜಾಸ್ತಿ ಬ್ಲಾಕ್ ಮಾಡಿ ಹೊಸಬರ ಶ್ರೇಷ್ಠ ಐವರಲ್ಲಿ ಒಬ್ಬನಾದ. ಇನ್ನೊಂದು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು ಕೇಳಿದ್ದರೂ ಕೊಟ್ಟು, ಅವನನ್ನು ಉಳಿಸಿಕೊಳ್ಳಬೇಕಿತ್ತು.