ದೊರೆಯಿಲ್ಲದ ದಂಡೆ: ಕಡಲ್ಗಳ್ಳರ ನಾಡೊಂದನ್ನು ಆಟಕ್ಕಾಗಿ ಕಟ್ಟಿದ ಬಗೆ

ಕಡಲ್ಗಳ್ಳರು ಆಳುವ ಕರಾವಳಿಯೊಂದನ್ನು ನಾನು ಮೊದಲ ಸಲ ರೋಲ್‌ಪ್ಲೇಯಿಂಗ್ ಆಟದ ಮೇಜಿಗೆ ತಂದಾಗ ಅದು ಆರನೆಯ ಸೆಷನ್ನಿಗೇ ನಿಂತುಹೋಯಿತು. ಈ ಬಗೆಯ ಆಟದಲ್ಲಿ ಕಥೆಯ ನಾಡನ್ನು ಕಟ್ಟಿ ಹೇಳುವುದು ನಾನು, ಆಟಗಾರರು ಅದರೊಳಗಿನ ಪಾತ್ರಗಳಾಗಿ ಆಡುತ್ತಾರೆ, ಅನುಮಾನವಿದ್ದದ್ದನ್ನು ದಾಳ ತೀರ್ಮಾನಿಸುತ್ತದೆ; ಒಂದು ಸಲ ಕೂತು ಆಡುವುದು ಒಂದು ಸೆಷನ್. ನಕ್ಷೆ ಚೆನ್ನಾಗಿಯೇ ಇತ್ತು. ಹನ್ನೊಂದು ಬಂದರುಗಳು, ಅವುಗಳಿಗೆಲ್ಲ ಭಯ ಹುಟ್ಟಿಸುವ ಹೆಸರುಗಳು, ಎಲ್ಲರ ಮೇಲೂ ಒಬ್ಬ ಕಳ್ಳರ ದೊರೆ. ಆಟಗಾರರು ಒಂದು ಹೆಂಡದಂಗಡಿಯಲ್ಲಿ ಜಗಳವಾಡಿ ಒಬ್ಬನನ್ನು ಕೊಂದರು, ಏನೂ ಆಗಲಿಲ್ಲ. ಮುಂದಿನ ಬಂದರಿನಲ್ಲಿ ಇನ್ನೊಬ್ಬನನ್ನು ಕೊಂದರು, ಆಗಲೂ ಏನೂ ಆಗಲಿಲ್ಲ. ಐದನೆಯ ಸೆಷನ್ನಿನ ಕೊನೆಯಲ್ಲಿ ಅವರಲ್ಲೊಬ್ಬರು ದಾಳವನ್ನು ಕೈಯಲ್ಲೇ ಹಿಡಿದುಕೊಂಡು, "ಇಲ್ಲಿ ನಾವು ಮಾಡಬಾರದ್ದು ಅಂತ ಏನಾದರೂ ಇದೆಯಾ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅದೊಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಆ ನಾಡನ್ನು ಮೊದಲಿನಿಂದ ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿಲ್ಲದ ನಾಡು ಎಂದರೆ ನಿಯಮವೇ ಇಲ್ಲದ ನಾಡು ಎಂದು ನಾನು ತಿಳಿದಿದ್ದೆ. ಚರಿತ್ರೆಯನ್ನು ಓದತೊಡಗಿದ ಮೇಲೆ ಆ ಎಣಿಕೆ ಉಳಿಯಲಿಲ್ಲ. 1722ರಲ್ಲಿ ಸತ್ತ ಬಾರ್ಥಲೋಮ್ಯೂ ರಾಬರ್ಟ್ಸ್ ಎಂಬ ಕಡಲ್ಗಳ್ಳನ ಹಡಗಿನ ಕರಾರುಪತ್ರ 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪ್ರತಿಯೊಬ್ಬನಿಗೂ ಒಂದು ಮತ, ರಾತ್ರಿ ಎಂಟು ಗಂಟೆಗೆ ದೀಪಗಳನ್ನು ಆರಿಸಬೇಕು, ಹಣ ಕಟ್ಟಿ ಇಸ್ಪೀಟನ್ನಾಗಲಿ ದಾಳವನ್ನಾಗಲಿ ಆಡಕೂಡದು, ಹಡಗಿನ ಮೇಲೆ ಹೊಡೆದಾಡದೆ ಜಗಳವನ್ನು ದಡದಲ್ಲಿ ತೀರಿಸಿಕೊಳ್ಳಬೇಕು ಎಂದೆಲ್ಲ ಅದರಲ್ಲಿದೆ. ದೊರೆಯ ನೆರಳಿನಿಂದ ಹೊರಗೆ ಬಂದವರಿಗೆ ತಮ್ಮ ತಮ್ಮೊಳಗಿನ ನಿಯಮವನ್ನು ಬಿಟ್ಟರೆ ಬೇರೆ ಕಾವಲಿರಲಿಲ್ಲ. ಹಾಗಾಗಿಯೇ ಅವರು ಅದನ್ನು ಅಷ್ಟು ಬಿಗಿಯಾಗಿ ಬರೆದುಕೊಂಡಿದ್ದರು. ಇದು ಮನಸ್ಸಿಗೆ ಬಂದ ಮೇಲೆ ನಾನು ಹಳೆಯ ನಕ್ಷೆಯನ್ನು ಎತ್ತಿಟ್ಟು, ಕಳ್ಳರ ದೊರೆಯನ್ನು ತೆಗೆದುಹಾಕಿ, ಹನ್ನೊಂದು ಬಂದರುಗಳನ್ನು ಮೂರಕ್ಕೆ ಇಳಿಸಿದೆ.

ಮೊದಲು ಬಿಡಿಸಬೇಕಾಗಿದ್ದದ್ದು ನೀರಿನ ಆಳವನ್ನು. ಬಲಿಷ್ಠ ನೌಕಾಪಡೆಯಿರುವ ರಾಜ್ಯವೊಂದು ಪಕ್ಕದಲ್ಲೇ ಇರುವಾಗ ಈ ಬಂದರುಗಳು ಏಕೆ ಇನ್ನೂ ಉಳಿದಿವೆ ಎಂಬುದಕ್ಕೆ ಭೂಮಿಯೇ ಉತ್ತರ ಹೇಳಬೇಕು. 1627ರಿಂದ 1668ರವರೆಗೆ ತನ್ನದೇ ಗಣರಾಜ್ಯವಾಗಿದ್ದ ಮೊರಾಕ್ಕೊದ ಸಲೇ ಬಂದರಿಗೆ ಬೂ ರೆಗ್ರೆಗ್ ನದಿಯ ಅಳಿವೆಯ ಮರಳುದಿಬ್ಬವೇ ಕೋಟೆಯಾಗಿತ್ತು; ದೊಡ್ಡ ಯುದ್ಧನೌಕೆಗಳು ಅದನ್ನು ದಾಟಿ ಒಳಗೆ ಬರಲಾರದೆ ಹೊರಗೇ ನಿಲ್ಲಬೇಕಾಗುತ್ತಿತ್ತು. ಅದನ್ನು ನೋಡಿ ನನ್ನ ಮುಖ್ಯ ಬಂದರಿಗೆ ಹೂಳುಬಾಯಿ ಎಂದು ಹೆಸರಿಟ್ಟೆ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ 6 ಅಡಿ ನೀರು, ಉಬ್ಬರದ ಹೊತ್ತಿಗೆ 11 ಅಡಿ. ಆಟಗಾರರ ಹಡಗಿಗೆ 7 ಅಡಿ ನೀರು ಬೇಕು, ಆ ಪಕ್ಕದ ರಾಜ್ಯದ ದೊರೆಯ ಯುದ್ಧನೌಕೆಗೆ 16 ಅಡಿ. ಈ ನಾಲ್ಕು ಅಂಕಿಗಳು ಮೊದಲಿನ ಹನ್ನೊಂದು ಬಂದರುಗಳಿಗಿಂತ ಹೆಚ್ಚು ಕಥೆಗಳನ್ನು ಕೊಟ್ಟವು. ದೊರೆಯ ನೌಕೆ ಎಂದೂ ಒಳಗೆ ಬರಲಾರದು; ಆದರೆ ಇಳಿತವಿದ್ದಾಗ ಆಟಗಾರರೂ ಹೊರಗೆ ಹೋಗಲಾರರು, ಮತ್ತು ಸೈನಿಕರನ್ನು ತುಂಬಿಕೊಂಡ ಸಣ್ಣ ದೋಣಿಗಳಿಗೆ ಯಾವ ಉಬ್ಬರವೂ ಬೇಕಿಲ್ಲ. ಪ್ರತಿ ಸೆಷನ್ನಿನ ಆರಂಭದಲ್ಲಿ ಅಂದಿನ ಉಬ್ಬರದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ನಡುವೆ ಇಡುವುದನ್ನು ರೂಢಿ ಮಾಡಿಕೊಂಡೆ. ಆಟಗಾರರು ದಾಳಕ್ಕಿಂತ ಮೊದಲು ಆ ಚೀಟಿಯನ್ನು ನೋಡತೊಡಗಿದರು.

ನೀರಿನಿಂದಲೇ ಬಂದ ಇನ್ನೊಂದು ಸಂಗತಿ ಹಡಗಿನ ತಳವನ್ನು ಕೆರೆಯುವುದು. ಮರದ ಹಡಗು ಬೆಚ್ಚನೆಯ ಕಡಲಿನಲ್ಲಿ ಕೆಲವು ತಿಂಗಳಿದ್ದರೆ ತಳಕ್ಕೆ ಪಾಚಿಯೂ ಚಿಪ್ಪೂ ಹತ್ತಿ ವೇಗ ಕುಗ್ಗುತ್ತದೆ, ಮರ ಕೊರೆಯುವ ಹುಳು ಹಲಗೆಯನ್ನೇ ತಿನ್ನುತ್ತದೆ. ಅದಕ್ಕಾಗಿ ಹಡಗನ್ನು ಮರಳಿನ ದಡಕ್ಕೆ ತಂದು, ಫಿರಂಗಿಗಳನ್ನು ಇಳಿಸಿ, ಒಂದು ಮಗ್ಗುಲಿಗೆ ಒರಗಿಸಿ ತಳವನ್ನು ಶುಚಿ ಮಾಡಬೇಕು. ವೇಗವೇ ಬಂಡವಾಳವಾಗಿರುವ ಕಡಲ್ಗಳ್ಳರು ಇದನ್ನು ತಪ್ಪಿಸುವಂತಿಲ್ಲ. ಪ್ರತಿ ತಿಂಗಳಿಗೆ ಹಡಗಿನ ವೇಗದಲ್ಲಿ ಒಂದು ಅಂಕ ಕಳೆಯುವ ಸರಳ ನಿಯಮವನ್ನು ನಾನು ಮಾಡಿಕೊಂಡೆ. ಆಟಗಾರರು ನಾಲ್ಕು ತಿಂಗಳು ಮುಂದೂಡಿ, ಕೊನೆಗೆ ವೇಗ ಸಾಲದೆ ಸರಕಿನ ಹಡಗೊಂದನ್ನು ಕೈಬಿಟ್ಟು, ಒಂದು ನಿರ್ಜನ ಕೊಲ್ಲಿಯಲ್ಲಿ ದಡಕ್ಕೆ ಬಂದರು. ಫಿರಂಗಿಗಳು ತೆಂಗಿನ ಮರಗಳ ಬುಡದಲ್ಲಿ ಸಾಲಾಗಿದ್ದವು, ಹಡಗು ಎಡಮಗ್ಗುಲಾಗಿ ಮಲಗಿತ್ತು, ಅರ್ಧ ತಳವಷ್ಟೇ ಕೆರೆದಾಗಿತ್ತು. ಆಗ ದಿಗಂತದಲ್ಲಿ ಒಂದು ಹಾಯಿ ಕಂಡಿತು ಎಂದು ಹೇಳಿದೆ. ಅದು ಯಾರ ಹಾಯಿ ಎಂದು ತಿಳಿಯುವವರೆಗಿನ ಒಂದೂವರೆ ಗಂಟೆಯಲ್ಲಿ ಯಾರೂ ಕತ್ತಿ ಎತ್ತಲಿಲ್ಲ, ನಾನು ಒಂದೇ ಒಂದು ಸಲ ದಾಳ ಉರುಳಿಸಿದೆ. ಅಷ್ಟು ಬಿಗಿಯಾದ ಸೆಷನ್ ಮೊದಲ ಆಟದಲ್ಲಿ ಒಂದೂ ಆಗಿರಲಿಲ್ಲ.

ಲೂಟಿಯನ್ನು ಕೊಳ್ಳುವವರು ಯಾರು ಎಂಬುದನ್ನು ಮೊದಲ ಸಲ ನಾನು ಯೋಚಿಸಿಯೇ ಇರಲಿಲ್ಲ. ಲೂಟಿಯೆಂದರೆ ಚಿನ್ನದ ಪೆಟ್ಟಿಗೆ ಎಂದು ಬರೆದುಬಿಡುತ್ತಿದ್ದೆ. ನಿಜವಾದ ಲೂಟಿಯಲ್ಲಿ ಹೆಚ್ಚಿನದು ಸಕ್ಕರೆ, ಬಟ್ಟೆ, ಹಗ್ಗ, ಹಾಯಿಯಂಥ ಸರಕು. 1718ರಲ್ಲಿ ಬ್ಲ್ಯಾಕ್‌ಬಿಯರ್ಡ್ ಎಂಬ ಕಡಲ್ಗಳ್ಳ ಅಮೆರಿಕದ ಚಾರ್ಲ್ಸ್‌ಟನ್ ಬಂದರನ್ನು ತಡೆದು ನಿಂತಾಗ ಕೇಳಿದ್ದು ಔಷಧಿಯ ಪೆಟ್ಟಿಗೆಯನ್ನು. ನಾನೂರು ಮೂಟೆ ಸಕ್ಕರೆಯನ್ನು ಕಳ್ಳನೊಬ್ಬ ತಾನೇ ತಿಂದು ಮುಗಿಸಲಾರ; ಅದನ್ನು ಪ್ರಶ್ನೆ ಕೇಳದೆ ಕೊಂಡು, ದೊರೆಯ ಪಟ್ಟಣದಲ್ಲಿ ರಸೀದಿ ಸಮೇತ ಮಾರುವ ವರ್ತಕ ಬೇಕು. ಹೀಗೆ ಹೂಳುಬಾಯಿಯಲ್ಲಿ ಒಬ್ಬ ಉಪ್ಪಿನ ವ್ಯಾಪಾರಿಯಮ್ಮ ಹುಟ್ಟಿದಳು. ಅವಳ ಬಳಿ ಒಂದು ಕತ್ತಿಯೂ ಇಲ್ಲ, ಆದರೆ ಅವಳು ಖರೀದಿ ನಿಲ್ಲಿಸಿದರೆ ಬಂದರು ಒಂದೇ ತಿಂಗಳಿಗೆ ಹಸಿದು ಕೂರುತ್ತದೆ. ಹೆಂಡದಂಗಡಿಯಲ್ಲಿ ಅವಳ ಗುಮಾಸ್ತನ ಮೇಲೆ ಕೈ ಮಾಡಿದವನ ಸರಕನ್ನು ಇಡೀ ದಂಡೆಯಲ್ಲಿ ಯಾರೂ ಮುಟ್ಟುವುದಿಲ್ಲ. ಮಾಡಬಾರದ್ದು ಏನಾದರೂ ಇದೆಯೇ ಎಂದು ಕೇಳಿದವರಿಗೆ ಮೊದಲ ಉತ್ತರ ಅವಳಿಂದ ಸಿಕ್ಕಿತು.

ಅವಳ ಎದುರಿಗೆ ಇನ್ನೊಂದು ಬಲವನ್ನು ನಿಲ್ಲಿಸಲು ಚೀನಾದ ದಕ್ಷಿಣ ಕರಾವಳಿಯ ಚರಿತ್ರೆ ನೆರವಾಯಿತು. 1807ರಲ್ಲಿ ಗಂಡ ಸತ್ತ ಮೇಲೆ ಝೆಂಗ್ ಯೀ ಸಾವೊ ಎಂಬ ಹೆಂಗಸು ಕಡಲ್ಗಳ್ಳರ ಒಕ್ಕೂಟದ ನಾಯಕಿಯಾಗಿ, 1810ರಲ್ಲಿ ಸರ್ಕಾರದೊಂದಿಗೆ ಮಾತುಕತೆ ನಡೆಸಿ ಶರಣಾದಳು. ಆ ಒಕ್ಕೂಟದ ಸ್ಥಿರವಾದ ಆದಾಯಗಳಲ್ಲಿ ಒಂದು, ಉಪ್ಪಿನ ಹಡಗುಗಳಿಗೂ ಮೀನುಗಾರರಿಗೂ ಮಾರುತ್ತಿದ್ದ ರಹದಾರಿ; ಅದು ಇದ್ದ ಹಡಗನ್ನು ಒಕ್ಕೂಟದ ಯಾವ ದೋಣಿಯೂ ಮುಟ್ಟುವಂತಿರಲಿಲ್ಲ. ನನ್ನ ದಂಡೆಯಲ್ಲಿ ಮೂರು ಬಂದರುಗಳ ನಾಯಕರು ಸೇರಿ ಇಂಥ ರಹದಾರಿಯನ್ನು ಮಾರುತ್ತಾರೆ. ಒಮ್ಮೆ ಆಟಗಾರರು ಹಿಡಿದ ಹಡಗಿನಲ್ಲಿ ಅಂಥದೊಂದು ಕಾಗದ ಸಿಕ್ಕಿತು. ಮೊಹರು ಸ್ವಲ್ಪ ಓರೆಯಾಗಿತ್ತು. ಅದು ಖೋಟಾ ಆಗಿರಬಹುದು, ಕೈ ನಡುಗಿದ ಗುಮಾಸ್ತ ಒತ್ತಿದ್ದೂ ಆಗಿರಬಹುದು. ಖೋಟಾ ಎಂದು ತಿಳಿದು ಲೂಟಿ ಮಾಡಿ ಅದು ನಿಜವಾಗಿಬಿಟ್ಟರೆ ಮೂರೂ ಬಂದರುಗಳು ಅವರಿಗೆ ಮುಚ್ಚುತ್ತವೆ. ಅವರು ಸಂಜೆಯವರೆಗೆ ಆ ಹಡಗಿನ ಪಕ್ಕದಲ್ಲೇ ಲಂಗರು ಹಾಕಿ ವಾದಿಸಿದರು, ಕೊನೆಗೆ ಬಿಟ್ಟು ಕಳಿಸಿದರು. ಅದು ಖೋಟಾ ಆಗಿತ್ತೋ ಇಲ್ಲವೋ ಎಂಬುದನ್ನು ಈವರೆಗೂ ಹೇಳಿಲ್ಲ.

ಇಷ್ಟೆಲ್ಲ ಕಟ್ಟಿದ ಮೇಲೂ ನನಗೆ ಅತ್ಯಂತ ಪ್ರಿಯವಾದ ಭಾಗ ಕರಾರುಪತ್ರದ್ದು. ಅದನ್ನು ನಾನು ಬರೆದು ಕೊಡಲಿಲ್ಲ. ಎರಡನೆಯ ಆಟದ ಮೊದಲ ಸೆಷನ್ ಪೂರ್ತಿ ಆಟಗಾರರ ಮುಂದೆ ಒಂದು ಖಾಲಿ ಹಾಳೆಯಿಟ್ಟು, ನಿಮ್ಮ ಹಡಗಿನ ಕರಾರನ್ನು ನೀವೇ ಬರೆದು ಸಹಿ ಹಾಕಿ ಎಂದೆ. ನಾಲ್ವರು ಆಟಗಾರರಲ್ಲಿ ಕ್ಯಾಪ್ಟನ್‌ಗೂ ಲೂಟಿ ಹಂಚುವ ಕ್ವಾರ್ಟರ್‌ಮಾಸ್ಟರ್‌ಗೂ ತಲಾ ಎರಡು ಪಾಲು, ಫಿರಂಗಿ ನೋಡಿಕೊಳ್ಳುವವಳಿಗೂ ಹಾಯಿಯ ಉಸ್ತುವಾರಿಯವನಿಗೂ ತಲಾ ಒಂದೂವರೆ, ಉಳಿದ 23 ನಾವಿಕರಿಗೆ ತಲಾ ಒಂದು ಎಂದು ಗೊತ್ತುಮಾಡಿಕೊಂಡರು. ಒಟ್ಟು 30 ಪಾಲು. ಗಾಯಕ್ಕೆ ಪರಿಹಾರದ ಮಾತು ಬಂದಾಗ ಕಡಲ್ಗಳ್ಳರ ಜೊತೆಗೇ ಇದ್ದ ಎಕ್ಸ್‌ಕ್ವೆಮೆಲಿನ್ 1678ರ ತನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕವನ್ನು ಹೇಳಿದೆ: ಬಲಗೈ ಹೋದರೆ 600 ಬೆಳ್ಳಿ ನಾಣ್ಯ, ಎಡಗೈಗೆ 500, ಒಂದು ಕಣ್ಣಿಗೆ 100, ಇದನ್ನೆಲ್ಲ ಪಾಲು ಹಂಚುವ ಮುನ್ನವೇ ಕೊಡಬೇಕು. ಆಟಗಾರರು ಅದನ್ನು ಹಾಗೆಯೇ ಬರೆದುಕೊಂಡರು.

ಮೂರನೆಯ ಸೆಷನ್ನಿನಲ್ಲಿ ಅವರಿಗೆ 1,500 ನಾಣ್ಯಗಳ ಲೂಟಿ ಸಿಕ್ಕಿತು. ಪಾಲಿಗೆ 50, ಕ್ಯಾಪ್ಟನ್‌ಗೆ 100 ಎಂದು ಎಲ್ಲರೂ ಲೆಕ್ಕ ಹಾಕಿಯಾಗಿತ್ತು. ಆಗ, ಕಾದಾಟದಲ್ಲಿ ಒಬ್ಬ ನಾವಿಕನ ಬಲಗೈ ಹೋಗಿದೆ ಎಂದು ನೆನಪಿಸಿದೆ. 600 ತೆಗೆದರೆ ಉಳಿದದ್ದು 900, ಪಾಲಿಗೆ 30, ಕ್ಯಾಪ್ಟನ್‌ಗೆ 60. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವನಿಗೆ ನಾನು ಹೆಸರನ್ನೂ ಇಟ್ಟಿರಲಿಲ್ಲ. 23 ಮಂದಿಯಲ್ಲಿ ಒಬ್ಬ, ಅಷ್ಟೇ. ಆಮೇಲೆ ಕ್ವಾರ್ಟರ್‌ಮಾಸ್ಟರ್ ಪಾತ್ರದ ಆಟಗಾರ್ತಿ, "ಅವನ ಹೆಸರೇನು?" ಎಂದು ಕೇಳಿ, ಮಾರ ಎಂದು ಬರೆದುಕೊಂಡು, 600 ಎಂದು ಪಕ್ಕದಲ್ಲಿ ಗುರುತು ಹಾಕಿದರು. ಆ ಹಾಳೆಯ ಮೇಲೆ ಬೇರೆಯವರು ಬರೆದ ನಿಯಮವಿದ್ದಿದ್ದರೆ ಅವರು ದಾರಿ ಹುಡುಕುತ್ತಿದ್ದರೇನೋ. ತಮ್ಮದೇ ಸಹಿ ಇದ್ದುದರಿಂದ ಹುಡುಕಲಿಲ್ಲ.

ಎಕ್ಸ್‌ಕ್ವೆಮೆಲಿನ್ನನ ಅದೇ ಪಟ್ಟಿಯಲ್ಲಿ 600 ನಾಣ್ಯದ ಬದಲಿಗೆ ಆರು ಮಂದಿ ಗುಲಾಮರು ಎಂದೂ ಇದೆ. ಇದನ್ನು ಮುಚ್ಚಿಟ್ಟು ಕಡಲ್ಗಳ್ಳರನ್ನು ಬರೀ ಸ್ವಾತಂತ್ರ್ಯದ ವೀರರನ್ನಾಗಿ ತೋರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮನುಷ್ಯರ ಮಾರಾಟ ಈ ನಾಡಿನಲ್ಲಿ ಇರುತ್ತದೆ, ಅದು ಕೇಡೆಂದೇ ಕಾಣಿಸುತ್ತದೆ, ಆಟಗಾರರ ಹಡಗು ಅದರಿಂದ ಹಣ ಮಾಡುವುದಿಲ್ಲ, ಹಿಂಸೆಯನ್ನು ವಿವರಿಸಿ ಹೇಳುವುದಿಲ್ಲ ಎಂದು ಆಟ ಆರಂಭಿಸುವ ಮುನ್ನವೇ ಕೂತು ಮಾತಾಡಿಕೊಂಡೆವು. ಆ ಮಾತುಕತೆಯಿಲ್ಲದೆ ಇಂಥ ನಾಡನ್ನು ಯಾರೂ ಮೇಜಿಗೆ ತರಬಾರದು.

ಕೊನೆಯದಾಗಿ ದೊರೆ ಏನು ಮಾಡುತ್ತಾನೆ ಎಂಬುದು. ದೊಡ್ಡ ನೌಕಾಯುದ್ಧವೊಂದನ್ನು ಮೊದಲು ಯೋಚಿಸಿದ್ದೆ. ಆದರೆ ಬಹಾಮಾಸ್‌ನ ನಸ್ಸಾವು ಬಂದರಿನ ಕಡಲ್ಗಳ್ಳರನ್ನು ಒಡೆದದ್ದು ಮುಖ್ಯವಾಗಿ ಒಂದು ಕಾಗದ. ಇಂಗ್ಲೆಂಡಿನ ದೊರೆ 1717ರ ಸೆಪ್ಟೆಂಬರ್‌ನಲ್ಲಿ ಕ್ಷಮಾದಾನ ಘೋಷಿಸಿದ. 1718ರ ಜುಲೈನಲ್ಲಿ ವುಡ್ಸ್ ರೋಜರ್ಸ್ ಗವರ್ನರ್ ಆಗಿ ಬಂದಿಳಿದ. ಕ್ಷಮೆ ಪಡೆದ ಬೆಂಜಮಿನ್ ಹಾರ್ನಿಗೋಲ್ಡ್ ತನ್ನ ಹಳೆಯ ಜೊತೆಗಾರರನ್ನೇ ಬೇಟೆಯಾಡಲು ಹೊರಟ. ಕತ್ತಿಗೆ ಕತ್ತಿಯಿಂದ ಉತ್ತರ ಕೊಡುವುದು ಆಟಗಾರರಿಗೆ ಗೊತ್ತಿರುತ್ತದೆ, ಕ್ಷಮೆಗೆ ಏನು ಉತ್ತರ ಕೊಡಬೇಕೆಂದು ಗೊತ್ತಿರುವುದಿಲ್ಲ. ಹಾಗಾಗಿ ಹೂಳುಬಾಯಿಗೆ ಯುದ್ಧನೌಕೆಯ ಬದಲು ಒಂದು ದೋಣಿ ಬಂತು, ಅದರಲ್ಲಿ ಒಬ್ಬ ಅಧಿಕಾರಿ, ಒಂದು ಪೆಟ್ಟಿಗೆಯ ತುಂಬ ಮೊಹರು ಒತ್ತಿದ ಕ್ಷಮಾಪತ್ರಗಳು.

ಹಡಗಿನಲ್ಲಿ ಮತಕ್ಕೆ ಹಾಕಿದರು. ಒಟ್ಟು 27 ಮಂದಿ. ನಾಲ್ವರು ಆಟಗಾರರು ಇಬ್ಬಿಬ್ಬರಾಗಿ ಒಡೆದರು, ನಾವಿಕರ ಮತಕ್ಕೆ ದಾಳ ಉರುಳಿಸಿದೆವು, 13ಕ್ಕೆ 13 ಆಯಿತು. ಉಳಿದವನು ಮಾರ. ಅವನು ಪತ್ರವನ್ನು ಎಡಗೈಯಲ್ಲಿ ಹಿಡಿದು, ಓದಿಸಿ ಕೇಳಿ, ಇದಕ್ಕೆ ಸಹಿ ಹಾಕಿದರೆ ಹಡಗು ಕೊಟ್ಟ 600 ನಾಣ್ಯ ತನ್ನದಾಗಿಯೇ ಉಳಿಯುತ್ತದೆಯೇ, ಇಲ್ಲ ಕದ್ದ ಹಣವೆಂದು ಹಿಂದಕ್ಕೆ ಹೋಗುತ್ತದೆಯೇ ಎಂದು ಕ್ಯಾಪ್ಟನ್ನನ್ನು ಕೇಳಿದ. ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಮುಂದಿನ ಸೆಷನ್ ಅಲ್ಲಿಂದ ಶುರುವಾಗಬೇಕು; ಕ್ಯಾಪ್ಟನ್ ಪಾತ್ರದ ಆಟಗಾರ ಇನ್ನೂ ಉತ್ತರ ಹೇಳಿಲ್ಲ.